ಕೋ-4 ನೇಪಿಯರ್ ಹುಲ್ಲಿಗೆ ಜಿಬ್ಬರೆಲಿಕ್ ಆಮ್ಲ ಹೊಡೆಯಬಹುದಾ? ಎಷ್ಟು ಪಿಪಿಎಂ, ಯಾವಾಗ?

ಮಜಲುಗದ್ದೆ, ಹೆಬ್ರಿ — ಪ್ರಶ್ನೆ

ಮಜಲು (ಮಧ್ಯಮ ಎತ್ತರದ) ಗದ್ದೆಯಲ್ಲಿ 30 ಸೆಂಟ್ಸ್ ಕೋ-4 ನೇಪಿಯರ್ ಉಂಟು, ಬುಡ ಎರಡು ವರ್ಷದ್ದು. ಬದಿಯ 5 ಸೆಂಟ್ಸಿನಲ್ಲಿ ಮಳೆ ಮುಗಿದ ಮೇಲೆ ಮೇವಿಗೆ ಅಲಸಂಡೆ ಹಾಕುವುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಯ್ದ ಮೇಲೆ ಚಿಗುರು ತುಂಬಾ ನಿಧಾನ, ಎಲೆ ತಿಳಿಹಳದಿ, ತೆಂಡೆ (ಬುಡದ ಮರಿ ಚಿಗುರು) ಕಡಿಮೆ. ಗೊಬ್ಬರದಂಗಡಿಯಲ್ಲಿ ಜಿಬ್ಬರೆಲಿಕ್ ಆಮ್ಲ 0.001% ಅಂತ ಬರೆದ ಬಾಟ್ಲಿ ಸಿಗ್ತದೆ, 90% ಪುಡಿಯ ಒಂದು ಗ್ರಾಂ ಪ್ಯಾಕೆಟೂ ಸಿಗ್ತದೆ. ಹುಲ್ಲಿಗೆ 50 ಪಿಪಿಎಂ (ಲೀಟರಿಗೆ 50 ಮಿಲಿಗ್ರಾಂ) ಹೊಡೆದರೆ ಒಳ್ಳೆಯದು ಅಂತ ವಾಟ್ಸಾಪಿನಲ್ಲಿ ಓಡಾಡ್ತಾ ಉಂಟು.

ಎರಡರಲ್ಲಿ ಯಾವುದು ಸರಿ, 16 ಲೀಟರ್ ಪಂಪಿಗೆ ಎಷ್ಟು, ಕೊಯ್ದು ಎಷ್ಟು ದಿನಕ್ಕೆ ಹೊಡೆಯಬೇಕು? ಹೊಸ ತುಂಡು ನೆಡುವಾಗ ಬೇರಿನ ಹಾರ್ಮೋನಿನಲ್ಲಿ ಅದ್ದಿದರೆ ಪ್ರಯೋಜನ ಉಂಟಾ? ಹಾಲಿನ ದನಗಳಿಗೆ ಕೊಡುವ ಹುಲ್ಲು, ಹಾಗಾಗಿ ಗೊತ್ತಿದ್ದವರು ವಿವರವಾಗಿ ಹೇಳಿ.

ಬೇರು_ಚಿಗುರು, ಬ್ರಹ್ಮಾವರ

ಪಿಪಿಎಂ ಲೆಕ್ಕ ಇನ್ನೊಬ್ಬರು ಹೇಳಿಯಾರು. ಅದಕ್ಕಿಂತ ಮೊದಲು, ಆ ಹಾರ್ಮೋನು ಹುಲ್ಲಿನೊಳಗೆ ಎಂತ ಮಾಡ್ತದೆ, ನಮ್ಮ ಕರಾವಳಿಯಲ್ಲಿ ಅದಕ್ಕೆ ಕೆಲಸ ಉಂಟಾ ಅಂತ ನೋಡಬೇಕು.

ಜಿಬ್ಬರೆಲಿನ್ (ಜಿಬ್ಬರೆಲಿಕ್ ಆಮ್ಲ ಸೇರಿದ ಹಾರ್ಮೋನು ಗುಂಪು) ಪತ್ತೆಯಾದದ್ದೇ ಒಂದು ರೋಗದಿಂದ. ಜಪಾನಿನ ಭತ್ತದ ಗದ್ದೆಗಳಲ್ಲಿ ಒಂದು ಶಿಲೀಂಧ್ರ ತಗುಲಿದ ಸಸಿಗಳು ಉಳಿದವಕ್ಕಿಂತ ಉದ್ದವಾಗಿ, ಬಿಳಿಚಿ, ಬಗ್ಗಿ ಬೀಳ್ತಿದ್ದವು. ಆ ಶಿಲೀಂಧ್ರ ಬಿಡುವ ವಸ್ತುವೇ ಸಸಿಯನ್ನು ಉದ್ದ ಮಾಡುವುದು ಅಂತ 1926ರಲ್ಲಿ ಕುರೊಸಾವಾ ತೋರಿಸಿದರು. ಇವತ್ತು ನಾವು ಹೊರಗಿನಿಂದ ಹೊಡೆದಾಗ ಹುಲ್ಲಿನಲ್ಲಿ ಕಾಣುವುದೂ ಅದೇ: ಗೆಣ್ಣಿಗೂ ಗೆಣ್ಣಿಗೂ ನಡುವೆ ಅಂತರ ಹೆಚ್ಚಾಗ್ತದೆ, ಎಲೆ ನೀಳವಾಗ್ತದೆ, ಬಣ್ಣ ತಿಳಿಯಾಗ್ತದೆ. ಜೀವಕೋಶದ ಗೋಡೆ ಸಡಿಲವಾಗಿ ಕೋಶ ಉದ್ದ ಹಿಗ್ಗುವುದರಿಂದ ಹೀಗೆ. ಹರಿತ್ತು, ಸಾರಜನಕ ಎಲ್ಲ ಮೊದಲು ಇದ್ದಷ್ಟೇ ಇದ್ದು ಹೆಚ್ಚು ಉದ್ದಕ್ಕೆ ಹಂಚಿ ಹೋಗ್ತದೆ. ನಿಮ್ಮ ಹುಲ್ಲು ಈಗಲೇ ಹಳದಿ ಅಂದ್ರಿ. ಅದರ ಮೇಲೆ ಜಿಬ್ಬರೆಲಿನ್ ಬಿದ್ದರೆ ಇನ್ನೂ ಹಳದಿಯಾಗ್ತದೆ, ಕಚ್ಚಾ ಪ್ರೋಟೀನಿನ ಶೇಕಡಾವಾರು ಇಳೀತದೆ.

ಹುಲ್ಲುಗಾವಲಿಗೆ ಇದನ್ನು ದೊಡ್ಡ ಪ್ರಮಾಣದಲ್ಲಿ ಬಳಸುವ ದೇಶ ನ್ಯೂಜಿಲೆಂಡ್. ಅಲ್ಲಿ ರೈಗ್ರಾಸ್ ಹುಲ್ಲಿಗೆ ಹೆಕ್ಟೇರಿಗೆ ಸುಮಾರು 8 ಗ್ರಾಂ ಶುದ್ಧ ಜಿಬ್ಬರೆಲಿಕ್ ಆಮ್ಲ, ಅದೂ ಚಳಿ ಇರುವ ತಿಂಗಳುಗಳಲ್ಲಿ. ಚಳಿಗೆ ಹುಲ್ಲಿನ ಸ್ವಂತ ಜಿಬ್ಬರೆಲಿನ್ ಕಡಿಮೆಯಾಗ್ತದೆ, ಹೊರಗಿನಿಂದ ಕೊಟ್ಟರೆ ಆ ಕೊರತೆ ತುಂಬ್ತದೆ. ಬಿಸಿಲು ಕಾಲದಲ್ಲಿ ಅಲ್ಲಿಯೂ ಇಷ್ಟು ಫಲ ಇಲ್ಲ. ಉಡುಪಿ, ಮಂಗಳೂರಿನಲ್ಲಿ ಡಿಸೆಂಬರ್-ಜನವರಿಯ ರಾತ್ರಿಯಲ್ಲೂ ಉಷ್ಣಾಂಶ 20 ಡಿಗ್ರಿಯ ಆಸುಪಾಸು. ನೇಪಿಯರ್ ಬೆಳವಣಿಗೆ ತಗ್ಗುವುದು 15 ಡಿಗ್ರಿಗಿಂತ ಕೆಳಗೆ ಬಂದಾಗ. ಚಳಿಯಿಂದಾಗುವ ಜಿಬ್ಬರೆಲಿನ್ ಕೊರತೆ ನಮ್ಮಲ್ಲಿ ಇಲ್ಲವೇ ಇಲ್ಲ.

ಮಳೆಗಾಲದ ಕಥೆ ಇದರ ಉಲ್ಟಾ. ಆಟಿ ತಿಂಗಳ ಮೋಡದಲ್ಲಿ ಬೆಳಕು ಸಾಲದೆ ಗಿಡ ತಾನಾಗಿಯೇ ಜಿಬ್ಬರೆಲಿನ್, ಆಕ್ಸಿನ್ (ಇನ್ನೊಂದು ಬೆಳವಣಿಗೆ ಹಾರ್ಮೋನು) ಹೆಚ್ಚು ಮಾಡಿಕೊಂಡು ಬೆಳಕು ಹುಡುಕಿ ಉದ್ದ ಎಳೀತದೆ. ತೋಟದ ನೆರಳಿನ ಹುಲ್ಲು ಸಪೂರವಾಗಿ ಮಲಗುವುದು ಅದಕ್ಕೇ. ಆ ಹೊತ್ತಿಗೆ ನೀವು ಇನ್ನಷ್ಟು ಹೊಡೆದರೆ ಮೊದಲ ಜೋರು ಗಾಳಿಮಳೆಗೆ ಹುಲ್ಲು ನೆಲಕಚ್ಚಿ ಬುಡ ಕೊಳೀತದೆ.

ಇನ್ನು ಬುಡದ ಲೆಕ್ಕ. ಕೊಯ್ದ ಮೇಲೆ ಮೊದಲ ಎಲೆಗಳು ಬರುವುದು ಬುಡದಲ್ಲಿ, ಬೇರಿನಲ್ಲಿ ಕೂಡಿಟ್ಟ ಸಕ್ಕರೆಯಿಂದ. ಜಿಬ್ಬರೆಲಿನ್ ಆ ದಾಸ್ತಾನನ್ನು ಬೇಗ ಖರ್ಚು ಮಾಡಿಸ್ತದೆ. ಈ ಕೊಯ್ಲಿನಲ್ಲಿ ಹೆಚ್ಚು ಕಂಡದ್ದು ಮುಂದಿನ ಕೊಯ್ಲಿನಲ್ಲಿ ಕಡಿಮೆಯಾಗುವುದು ಹುಲ್ಲುಗಾವಲುಗಳಲ್ಲಿ ಚೆನ್ನಾಗಿ ದಾಖಲಾದ ಸಂಗತಿ. ವರ್ಷಕ್ಕೆ ಏಳು ಕೊಯ್ಲು ಕೊಡಬೇಕಾದ ಬೆಳೆಯಲ್ಲಿ ಒಂದು ಕೊಯ್ಲಿನ ಎತ್ತರ ನೋಡಿ ತೀರ್ಮಾನಿಸಿದರೆ ಮೋಸ ಹೋಗ್ತೇವೆ.

ನೀವು ತೆಂಡೆ ಕಡಿಮೆ ಅಂದ್ರಲ್ಲ, ಅದು ಸೈಟೊಕೈನಿನ್ ಎಂಬ ಹಾರ್ಮೋನಿನ ಕೆಲಸ. ಅದನ್ನು ಬಾಟ್ಲಿಯಲ್ಲಿ ಹುಡುಕಬೇಕಾಗಿಲ್ಲ. ಬೇರಿಗೆ ನೈಟ್ರೇಟ್ ಸಿಕ್ಕಿದ ಕೂಡಲೇ ಗಿಡ ಸೈಟೊಕೈನಿನ್ ತಯಾರಿಸಲು ಸುರು ಮಾಡಿ ಮೇಲೆ ಕಳಿಸ್ತದೆ, ಬುಡದ ಕಣ್ಣು ಒಡೀತದೆ. ಕೊಯ್ದಾಗ ತುದಿಯಿಂದ ಇಳಿದು ಬರುವ ಆಕ್ಸಿನ್ ನಿಂತು ಕಣ್ಣಿನ ಮೇಲಿನ ತಡೆಯೂ ಹೋಗ್ತದೆ. ಹಾಗಾಗಿ ಕತ್ತಿ ಮತ್ತು ಯೂರಿಯಾ, ಇವೆರಡೇ ನಮ್ಮ ಕೈಯಲ್ಲಿರುವ ಅತ್ಯಂತ ಬಲವಾದ ಹಾರ್ಮೋನು ನಿಯಂತ್ರಣ. ಇದನ್ನು ಬಿಟ್ಟು ಸಿಂಪಡಣೆಗೆ ಹಣ ಹಾಕುವುದು ನನಗೆ ಸರಿ ಕಾಣುವುದಿಲ್ಲ.

ಕೋ-4ಕ್ಕೆ ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ಶಿಫಾರಸು ಪ್ರತಿ ಕೊಯ್ಲಿನ ನಂತರ ಹೆಕ್ಟೇರಿಗೆ 75 ಕಿಲೊ ಸಾರಜನಕ. ಅದು ಎಕರೆಗೆ ಸುಮಾರು 66 ಕಿಲೊ ಯೂರಿಯಾ, 10 ಸೆಂಟ್ಸಿಗೆ ಆರೂವರೆ ಕಿಲೊ. ನಿಮ್ಮ 30 ಸೆಂಟ್ಸಿಗೆ ಹತ್ತಿರ ಹತ್ತಿರ 20 ಕಿಲೊ. ಹಟ್ಟಿ ತೊಳೆದ ನೀರು ಹೋಗ್ತಾ ಇದ್ದರೆ ಇದನ್ನು ಅರ್ಧಕ್ಕೆ ಇಳಿಸಬಹುದು. ಸುಮಾರು 4000 ಮಿ.ಮೀ. ಮಳೆ ಬೀಳುವ ನಮ್ಮ ಜಂಬಿಟ್ಟಿಗೆ ಮಣ್ಣಿನಲ್ಲಿ ಒಂದೇ ಸಲ ಹಾಕಿದ್ದು ತೋಡಿಗೆ ಹೋಗ್ತದೆ. ಕೊಯ್ದು 5–7 ದಿನಕ್ಕೆ ಅರ್ಧ, 20 ದಿನಕ್ಕೆ ಉಳಿದರ್ಧ, ಮಳೆ ಬಿಟ್ಟ ಹೊತ್ತು ನೋಡಿ ಬುಡದ ಸುತ್ತ ಮಣ್ಣಿಗೆ ಸೇರಿಸಿ. ನಿಮ್ಮ ಎಲೆಯ ಹಳದಿ ಬಣ್ಣಕ್ಕೆ ಮೊದಲ ಅನುಮಾನ ಇದರ ಮೇಲೆಯೇ.

ಎರಡನೇ ಅನುಮಾನ ನೀರು. ಮಜಲು ಗದ್ದೆಯಲ್ಲಿ ಎರಡು ದಿನ ನೀರು ನಿಂತರೆ ಬೇರಿಗೆ ಆಮ್ಲಜನಕ ಇಲ್ಲ. ಬೇರಿನಲ್ಲಿ ಹುಟ್ಟಿದ ಎಥಿಲೀನ್ (ಅನಿಲ ರೂಪದ ಹಾರ್ಮೋನು) ನೀರಿನಲ್ಲಿ ಹೊರಗೆ ಹೋಗಲಾರದೆ ಅಲ್ಲೇ ಕೂಡಿಕೊಳ್ತದೆ, ಬೇರು ಉದ್ದ ಬೆಳೆಯುವುದು ನಿಲ್ತದೆ, ಕೆಳಗಿನ ಎಲೆ ಹಳದಿಯಾಗ್ತದೆ. ಎರಡೆರಡು ಸಾಲಿಗೆ ಒಂದಡಿ ಆಳದ ಕಣಿ ಮಾಡಿ ನೀರು ಬಿಡಿ. ಮಣ್ಣಿನ ಪಿಎಚ್ 5.5ಕ್ಕಿಂತ ಕೆಳಗಿದ್ದರೆ ಅಲ್ಯೂಮಿನಿಯಂ ಬೇರಿನ ತುದಿಯನ್ನೇ ಕುಂಠಿತ ಮಾಡ್ತದೆ. ಬೇರಿನ ತುದಿಯೇ ಸೈಟೊಕೈನಿನ್ ಹುಟ್ಟುವ ಮುಖ್ಯ ಜಾಗ. ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ತೋರಿಸಿ ಸುಣ್ಣದ ಪ್ರಮಾಣ ತಿಳ್ಕೊಳ್ಳಿ. ಸುಣ್ಣ ಹಾಕಿದ ಕೂಡಲೇ ಯೂರಿಯಾ ಹಾಕಬೇಡಿ, ಅಮೋನಿಯಾ ಆಗಿ ಗಾಳಿಗೆ ಹೋಗ್ತದೆ. ಎರಡು ಮೂರು ವಾರ ಬಿಡಿ.

ಅಳತೆ_ತೂಕ, ಬಂಟ್ವಾಳ

ಮೇಲಿನವರು ಹೇಳಿದ್ದು ಸರಿ. ಆದರೆ ಕೇಳಿದ ಲೆಕ್ಕಕ್ಕೂ ಉತ್ತರ ಬೇಕಲ್ಲ.

0.001% ಅಂದರೆ ಒಂದು ಲೀಟರ್ ಬಾಟ್ಲಿಯಲ್ಲಿ ಬರೇ 10 ಮಿಲಿಗ್ರಾಂ ಜಿಬ್ಬರೆಲಿಕ್ ಆಮ್ಲ. ಬಾಟ್ಲಿಯೊಳಗಿನ ದ್ರಾವಣವೇ 10 ಪಿಪಿಎಂ. ಅದರಿಂದ 50 ಪಿಪಿಎಂ ಸಿಂಪಡಣೆ ಮಾಡಲಿಕ್ಕೆ ಸಾಧ್ಯವೇ ಇಲ್ಲ, ನೀರು ಸೇರಿಸದೆ ಹಾಗೇ ಹೊಡೆದರೂ ಆಗುವುದಿಲ್ಲ. ಅಂಗಡಿಯಲ್ಲಿ ಎರಡನ್ನೂ ಒಂದೇ ಹೆಸರಿನಲ್ಲಿ ಕೊಡ್ತಾರೆ, ಗೊಂದಲ ಅಲ್ಲೇ ಸುರುವಾಗುವುದು.

90% ಪುಡಿಯ ಒಂದು ಗ್ರಾಮಿನಲ್ಲಿ 900 ಮಿ.ಗ್ರಾಂ. 50 ಪಿಪಿಎಂಗೆ ಅದು 18 ಲೀಟರಿಗೆ ಸಾಕು, 16 ಲೀಟರ್ ಪಂಪಿಗೆ 0.89 ಗ್ರಾಂ. ಈಗ ಪ್ರದೇಶದ ಮೇಲೆ ನೋಡಿ. ಎಕರೆಗೆ 200 ಲೀಟರ್ ನೀರಿನಂತೆ 30 ಸೆಂಟ್ಸಿಗೆ 60 ಲೀಟರ್. 50 ಪಿಪಿಎಂ ಆದರೆ 3 ಗ್ರಾಂ ಶುದ್ಧ ಆಮ್ಲ, ಅಂದರೆ ಹೆಕ್ಟೇರಿಗೆ ಸುಮಾರು 25 ಗ್ರಾಂ. ಮೇಲೆ ಹೇಳಿದ 8 ಗ್ರಾಮಿನ ಮೂರು ಪಟ್ಟು! ವಾಟ್ಸಾಪಿನ 50 ಪಿಪಿಎಂ ಎಲ್ಲಿಂದ ಬಂತೋ, ಎಷ್ಟು ನೀರಿಗೆ ಅಂತ ಹೇಳದ ಪಿಪಿಎಂಗೆ ಅರ್ಥ ಇಲ್ಲ. 8 ಗ್ರಾಮಿನ ಹತ್ತಿರ ಬರಬೇಕಾದರೆ ಅದೇ 60 ಲೀಟರಿಗೆ 15 ಪಿಪಿಎಂ, ಒಂದು ಗ್ರಾಂ ಪುಡಿ ಪೂರ್ತಿ.

ಪುಡಿ ನೀರಿನಲ್ಲಿ ಸುಲಭಕ್ಕೆ ಕರಗುವುದಿಲ್ಲ. ಗಾಜಿನ ಲೋಟದಲ್ಲಿ 10–20 ಮಿ.ಲೀ. ಸ್ಪಿರಿಟ್ ಹಾಕಿ, ಪುಡಿ ಪೂರ್ತಿ ಕರಗಿ ತಿಳಿಯಾದ ಮೇಲೆ ಒಂದು ಲೀಟರ್ ನೀರಿಗೆ ನಿಧಾನ ಸುರಿದು ಕಲಕಿ, ಆಮೇಲೆ ಪಂಪಿಗೆ. ನೇರ ಪಂಪಿಗೆ ಹಾಕಿದರೆ ಪುಡಿ ತಳದಲ್ಲಿ ಕೂತು ಮೊದಲ ಸಾಲಿಗೆ ಹೆಚ್ಚು, ಕೊನೆಯ ಸಾಲಿಗೆ ಏನೂ ಇಲ್ಲ. ಕರಗಿಸಿದ್ದನ್ನು ಅದೇ ದಿನ ಮುಗಿಸಿ. ಕ್ಷಾರದ ನೀರಿನಲ್ಲಿ, ಬಿಸಿಯಲ್ಲಿ ಜಿಬ್ಬರೆಲಿಕ್ ಆಮ್ಲ ಬೇಗ ಹಾಳಾಗ್ತದೆ. ನಮ್ಮ ಬಾವಿ ನೀರು ಸಾಮಾನ್ಯವಾಗಿ ಹುಳಿ ಕಡೆ, ಅದರಿಂದ ತೊಂದರೆ ಇಲ್ಲ. ತೊಂದರೆ ಬರುವುದು ಅಡಿಕೆಗೆ ಬೋರ್ಡೋ (ಮೈಲುತುತ್ತು-ಸುಣ್ಣದ ದ್ರಾವಣ) ಹೊಡೆದ ಪಂಪಿನಿಂದ. ಒಳಗೆ ಅಂಟಿದ ಸುಣ್ಣವೇ ಇದನ್ನು ಕೆಡಿಸಲಿಕ್ಕೆ ಸಾಕು.

ಅದಕ್ಕಿಂತ ದೊಡ್ಡ ಅಪಾಯ 2,4-ಡಿ ಕಳೆನಾಶಕ ಹೊಡೆದ ಪಂಪ್. ಅದು ಸ್ವತಃ ಕೃತಕ ಆಕ್ಸಿನ್. ಹುಲ್ಲಿನ ಜಾತಿಗೆ ಸಹನೆ ಉಂಟು, ಅಲಸಂಡೆಗೆ ಇಲ್ಲ. ಪೈಪಿನಲ್ಲಿ ಉಳಿದ ಸ್ವಲ್ಪ ಸಾಕು, ಅಲಸಂಡೆಯ ಎಲೆ ಮುದುಡಿ, ಕಾಂಡ ತಿರುಚಿಕೊಂಡು ಹೋಗ್ತದೆ. ಜನ ಅದನ್ನು ನಂಜುರೋಗ ಅಂದುಕೊಳ್ತಾರೆ. ಕಳೆನಾಶಕದ ಪಂಪ್ ಬೇರೆಯೇ ಇಡಿ. ಆಗದಿದ್ದರೆ ವಾಷಿಂಗ್ ಸೋಡಾ ನೀರು ತುಂಬಿಸಿ ಪೈಪ್, ನಾಜಲ್ ಎಲ್ಲ ಹಾಯಿಸಿ, ರಾತ್ರಿಯಿಡೀ ಬಿಟ್ಟು, ಮರುದಿನ ಮೂರು ಸಲ ಒಳ್ಳೆ ನೀರಿನಲ್ಲಿ ತೊಳೆಯಿರಿ.

ಹೊಡೆಯುವ ಸಮಯ: ಕೊಯ್ದ ಮರುದಿನ ಬುಡಕ್ಕೆ ಹೊಡೆದರೆ ಹೀರಿಕೊಳ್ಳಲಿಕ್ಕೆ ಎಲೆಯೇ ಇರುವುದಿಲ್ಲ. ರೈಗ್ರಾಸ್‌ನಲ್ಲಿ ದನ ಮೇಯ್ದ ಮೇಲೂ ಎಲೆ ಉಳೀತದೆ, ಅದಕ್ಕೆ ಅಲ್ಲಿ ಕೆಲವೇ ದಿನದಲ್ಲಿ ಹೊಡೀತಾರೆ. ನೇಪಿಯರಿನಲ್ಲಿ ಹೊಸ ಎಲೆ ಒಂದು ಗೇಣು ಆಗುವವರೆಗೆ ಕಾಯಿರಿ. ಸಂಜೆ ಹೊತ್ತು, ಅಂಟು ದ್ರಾವಣ ಲೀಟರಿಗೆ ಅರ್ಧ ಮಿ.ಲೀ., ಆಮೇಲೆ ಮೂರು ನಾಲ್ಕು ಗಂಟೆ ಮಳೆ ಬಾರದಿರಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಇದನ್ನು ನಂಬುವ ಹಾಗಿಲ್ಲ.

ಒಂದು ಕಾನೂನಿನ ವಿಷಯ. ಜಿಬ್ಬರೆಲಿಕ್ ಆಮ್ಲ, ಎನ್‌ಎಎ (ಬೇರು ಬರಿಸುವ ಕೃತಕ ಆಕ್ಸಿನ್) ಇವೆಲ್ಲ 1968ರ ಕೀಟನಾಶಕ ಕಾಯ್ದೆಯಡಿ ನೋಂದಣಿಯಾಗುವ ವಸ್ತುಗಳು. ಲೇಬಲ್ಲಿನಲ್ಲಿ ಬೆಳೆಯ ಹೆಸರು, ಪ್ರಮಾಣ, ಕೊಯ್ಲಿಗೆ ಮೊದಲು ಬಿಡಬೇಕಾದ ದಿನ ಇರ್ತದೆ. ಅದರಲ್ಲಿ ಮೇವಿನ ಬೆಳೆ ಇಲ್ಲದಿದ್ದರೆ ಹಾಲಿನ ದನದ ಹುಲ್ಲಿಗೆ ಹೊಡೆಯಬೇಡಿ. ಸಮುದ್ರಪಾಚಿಯ ಸಾರದಂಥ ಜೈವಿಕ ಪ್ರಚೋದಕಗಳು ಬೇರೆ, ಅವು 2021ರಿಂದ ರಸಗೊಬ್ಬರ ನಿಯಂತ್ರಣ ಆದೇಶದೊಳಗೆ ಬಂದಿವೆ.

ಮಜಲುಗದ್ದೆ, ಹೆಬ್ರಿ

ಬಾಟ್ಲಿಯ ಲೆಕ್ಕ ನೋಡಿದ ಮೇಲೆ ವಿಷಯ ಸ್ಪಷ್ಟವಾಯ್ತು, ಧನ್ಯವಾದ. ಮಳೆಗಾಲದಲ್ಲಿ ಕಣಿ, ಯೂರಿಯಾ ಎರಡನ್ನೂ ಸರಿಮಾಡ್ತೇನೆ. ಬೇರಿನ ಹಾರ್ಮೋನು ಮತ್ತು ಅಲಸಂಡೆ ಬಗ್ಗೆ? ಎಳನೀರು ಹೊಡೆದರೆ ತೆಂಡೆ ಬರ್ತದೆ ಅಂತಾರೆ, ಅದು ನಿಜವಾ? ಫೆಬ್ರವರಿ ನಂತರ ನೀರು ಕಡಿಮೆ, ಆಗ ಎಂತ ಮಾಡುದು?

ಹಸಿರುಮೇವು, ಕುಂದಾಪುರ

ತುಂಡಿನ ವಿಷಯ. ನೇಪಿಯರ್ ಗೆಣ್ಣಿನಲ್ಲಿ ಬೇರಿನ ಮೊಳಕೆ ಮೊದಲೇ ಇರ್ತದೆ. ಮೂರು ತಿಂಗಳು ದಾಟಿದ ಕಡ್ಡಿಯ ಮಧ್ಯಭಾಗದ ಎರಡು ಗೆಣ್ಣಿನ ತುಂಡು, ಒಂದು ಗೆಣ್ಣು ಮಣ್ಣಿನೊಳಗೆ, ಇನ್ನೊಂದು ಮೇಲೆ, ಸ್ವಲ್ಪ ಓರೆಯಾಗಿ ನೆಟ್ಟರೆ ಹಾರ್ಮೋನು ಇಲ್ಲದೆಯೇ ಬರ್ತದೆ. ತುದಿಯ ಎಳೆ ಗೆಣ್ಣು ಕೊಳೀತದೆ, ಬುಡದ ಗಟ್ಟಿ ಗೆಣ್ಣು ತಡವಾಗಿ ಮೊಳೀತದೆ. ಕೋ-4ಕ್ಕೆ 60×50 ಸೆಂ.ಮೀ. ಅಂತರ, ಎಕರೆಗೆ ಸುಮಾರು 13,500 ತುಂಡು.

ಆದರೂ ಬೇಕಾದರೆ 4.5% ಎನ್‌ಎಎ ದ್ರಾವಣ 10 ಮಿ.ಲೀ.ಯನ್ನು ನಾಲ್ಕೂವರೆ ಲೀಟರ್ ನೀರಿಗೆ ಹಾಕಿದರೆ 100 ಪಿಪಿಎಂ. ತುಂಡಿನ ಬುಡದ ಗೆಣ್ಣು ಮಾತ್ರ ಮುಳುಗುವ ಹಾಗೆ ಕಾಲು ಗಂಟೆ ಇಡಿ. ತುಂಡನ್ನು ಪೂರ್ತಿ ಮುಳುಗಿಸಿ ರಾತ್ರಿಯಿಡೀ ಬಿಡುವುದೇ ಎಲ್ಲರೂ ಮಾಡುವ ತಪ್ಪು. ಆಕ್ಸಿನ್ ಬೇರು ತರಿಸ್ತದೆ ನಿಜ, ಅದೇ ಆಕ್ಸಿನ್ ಮೇಲಿನ ಕಣ್ಣು ಒಡೆಯದ ಹಾಗೆ ತಡೀತದೆ. ಬೇರು ಬಂದ ತುಂಡು ತಿಂಗಳಾದರೂ ಮೊಳಕೆ ಕಾಣದೆ ಇರುವುದು ಹೀಗೆ. ನನ್ನ ಅಭಿಪ್ರಾಯದಲ್ಲಿ ಅಜೋಸ್ಪಿರಿಲಂ ಒಳ್ಳೆಯದು. ಆ ಬ್ಯಾಕ್ಟೀರಿಯಾ ಬೇರಿನ ಸುತ್ತ ಇದ್ದು ತಾನೇ ಇಂಡೋಲ್ ಅಸಿಟಿಕ್ ಆಮ್ಲ, ಅಂದರೆ ಆಕ್ಸಿನ್, ಸ್ವಲ್ಪ ಸ್ವಲ್ಪ ಬಿಡ್ತಾ ಇರ್ತದೆ, ಬೇರುಕೂದಲು ಹೆಚ್ಚಾಗ್ತದೆ. ಒಂದು ಕಿಲೊ ಕಲ್ಚರನ್ನು 20 ಲೀಟರ್ ಸೆಗಣಿ ನೀರಿನಲ್ಲಿ ಕಲಸಿ ತುಂಡು ಅದ್ದಿ ನೆಡಿ. ಅದೇ ದಿನ ಸುಣ್ಣ, ಯೂರಿಯಾ ತಾಗಿಸಬೇಡಿ.

ಎಳನೀರಿನಲ್ಲಿ ಸೈಟೊಕೈನಿನ್ ಇರುವುದು ನಿಜ, ಅಂಗಾಂಶ ಕೃಷಿಯ ಪ್ರಯೋಗಾಲಯಗಳಲ್ಲಿ 1940ರ ದಶಕದಿಂದಲೂ ಬಳಸ್ತಾರೆ. ಆದರೆ ಅಲ್ಲಿ ಗಾಜಿನ ಬಾಟ್ಲಿಯೊಳಗಿನ ಚಿಕ್ಕ ಅಂಗಾಂಶ ಅದರಲ್ಲೇ ಕೂತಿರ್ತದೆ. ಗದ್ದೆಯ ಎಲೆ ಮೇಲೆ ಬಿದ್ದ ತೆಳು ದ್ರಾವಣದಿಂದ ಬುಡದ ಕಣ್ಣಿಗೆ ತಲುಪುವುದು ಬಹಳ ಕಡಿಮೆ. ಸಕ್ಕರೆ ಇರುವುದರಿಂದ ಇರುವೆ, ಕಪ್ಪು ಬೂಷ್ಟು ಬರ್ತದೆ. ಯೂರಿಯಾ ಕೊಟ್ಟು 10–15 ಸೆಂ.ಮೀ. ಬುಡ ಬಿಟ್ಟು ಕೊಯ್ದರೆ ತೆಂಡೆ ಅದಕ್ಕಿಂತ ಚೆನ್ನಾಗಿ ಬರ್ತದೆ. ನೆಲಮಟ್ಟಕ್ಕೆ ಕೊಯ್ದಲ್ಲಿ ಕಣ್ಣೂ ಹೋಗ್ತದೆ, ಸಕ್ಕರೆಯೂ ಹೋಗ್ತದೆ.

ಅಲಸಂಡೆಗೆ ಜಿಬ್ಬರೆಲಿನ್ ಹೊಡೆದರೆ ಬಳ್ಳಿ ಉದ್ದ ಹೋಗ್ತದೆ, ಎಲೆಯ ಪಾಲು ಕಡಿಮೆಯಾಗ್ತದೆ. ಮೇವಿಗೆ ಬೇಕಾದದ್ದು ಎಲೆ. ಬಿತ್ತುವ ಮೊದಲು ಬೀಜವನ್ನು ನಾಲ್ಕು ಗಂಟೆ ಬರೇ ನೀರಿನಲ್ಲಿ ನೆನೆಸಿ, ನೆರಳಿನಲ್ಲಿ ಒಣಗಿಸಿ, ರೈಜೋಬಿಯಂ (ಸಾರಜನಕ ಹಿಡಿಯುವ ಬ್ಯಾಕ್ಟೀರಿಯಾ) ಹಚ್ಚಿ. ರಾತ್ರಿಯಿಡೀ ನೆನೆಸಿದರೆ ಸಿಪ್ಪೆ ಬಿಟ್ಟು ಬೇಳೆ ಒಡೀತದೆ.

ಬೇಸಿಗೆಗೆ ಬರುವಾ. ನೀರು ಕಡಿಮೆಯಾದಾಗ ಬೇರಿನಿಂದ ಅಬ್ಸಿಸಿಕ್ ಆಮ್ಲ ಎಂಬ ಹಾರ್ಮೋನು ಏರಿ ಎಲೆಯ ಪತ್ರರಂಧ್ರ ಮುಚ್ಚಿಸ್ತದೆ. ಅದು ಗಿಡ ತನ್ನನ್ನು ಉಳಿಸಿಕೊಳ್ಳುವ ದಾರಿ. ಆ ಹೊತ್ತಿಗೆ ಜಿಬ್ಬರೆಲಿನ್ ಹೊಡೆದು ಬೆಳೆಯಲು ಒತ್ತಾಯಿಸಿದರೆ ಎಲೆ ಬೇಗ ಬಾಡ್ತದೆ. ಇರುವ ನೀರನ್ನು 30 ಸೆಂಟ್ಸಿಗೆ ಹರಡುವ ಬದಲು 15 ಸೆಂಟ್ಸಿಗೆ ಸರಿಯಾಗಿ ಕೊಡಿ, ಉಳಿದದ್ದಕ್ಕೆ ಕೊಯ್ದ ಮೇಲೆ ತರಗೆಲೆ ಮುಚ್ಚಿಗೆ ಹಾಕಿ ಮಲಗಿಸಿ. ಪೊಟ್ಯಾಶ್ ಬಿಡಬೇಡಿ, ಪತ್ರರಂಧ್ರ ತೆರೆದು ಮುಚ್ಚುವುದೇ ಪೊಟ್ಯಾಸಿಯಂನಿಂದ.

ಅಳತೆ_ತೂಕ, ಬಂಟ್ವಾಳ

ಸಮುದ್ರಪಾಚಿ ಸಾರವೋ ಇನ್ನೊಂದೋ, ಲೇಬಲ್ಲಿನಲ್ಲಿ ಮೇವು ಇದ್ದು ಪರೀಕ್ಷೆ ಮಾಡಿ ನೋಡುವುದಾದರೆ ಎತ್ತರ ಅಳೆಯಬೇಡಿ. ಇವು ಮೊದಲು ಕಣ್ಣಿಗೆ ತೋರಿಸುವುದೇ ಎತ್ತರ. ನಾಲ್ಕು ಸಾಲು ಅಗಲ, ಐದು ಮೀಟರ್ ಉದ್ದದ ಆರು ಪಟ್ಟಿ ಗುರುತು ಮಾಡಿ, ಒಂದು ಬಿಟ್ಟು ಒಂದಕ್ಕೆ ಸಿಂಪಡಿಸಿ, ಉಳಿದದ್ದಕ್ಕೆ ಬರೇ ನೀರು. ಗೊಬ್ಬರ ಎಲ್ಲದಕ್ಕೂ ಒಂದೇ. 45ನೇ ದಿನ ಪ್ರತಿ ಪಟ್ಟಿಯ ನಡುವಿನ ಎರಡು ಸಾಲು ಮಾತ್ರ ಕೊಯ್ದು ತೂಗಿ, ಬದಿಯ ಸಾಲಿಗೆ ಪಕ್ಕದ ಪಟ್ಟಿಯ ಹನಿ ಹಾರಿರ್ತದೆ. ಅದರಿಂದ 500 ಗ್ರಾಂ ಕತ್ತರಿಸಿ, ಎಲೆ ಬೇರೆ ಕಾಂಡ ಬೇರೆ ಮಾಡಿ, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ ಮತ್ತೆ ತೂಗಿ. ಹಸಿ ನೇಪಿಯರಿನಲ್ಲಿ ಒಣ ಅಂಶ ಸುಮಾರು 15–20%. ಹಸಿ ತೂಕ ಹೆಚ್ಚಾಗಿ ಒಣ ತೂಕ ಅಷ್ಟೇ ಇದ್ದರೆ ನೀವು ದುಡ್ಡು ಕೊಟ್ಟದ್ದು ನೀರಿಗೆ. ಮುಂದಿನ ಕೊಯ್ಲಿಗೆ ಏನೂ ಹೊಡೆಯದೆ ಅದೇ ಪಟ್ಟಿಗಳನ್ನು ಪುನಃ ತೂಗಿ, ಎರಡೂ ಕೊಯ್ಲನ್ನು ಕೂಡಿಸಿ ಹೋಲಿಸಿ.

ಜೋಳದ ಮೇವು ಇರುವವರಿಗೂ ಒಂದು ಮಾತು. ಎಳೆ ಜೋಳದಲ್ಲಿ ಹೈಡ್ರೋಸಯಾನಿಕ್ ಆಮ್ಲದ ವಿಷ ಇರ್ತದೆ, ಎದೆಯೆತ್ತರ ಬಂದರೆ ಕೊಡಬಹುದು ಅಂತ ಹಲವರ ಲೆಕ್ಕ. ಹಾರ್ಮೋನು ಹೊಡೆದ ಬೆಳೆ ವಯಸ್ಸಿಗೆ ಮೊದಲೇ ಆ ಎತ್ತರ ತಲುಪ್ತದೆ. ಎತ್ತರ ನೋಡಬೇಡಿ. ಹೂ ಬರುವ ಹಂತ ನೋಡಿ ಕೊಯ್ಯಿರಿ.

ಮಜಲುಗದ್ದೆ, ಹೆಬ್ರಿ

ಕೊನೆಗೆ ಒಂದು. ಹುಲ್ಲು ವಿಸ್ತರಿಸಲು ಮಾವಿನ ಮರಗಳ ನಡುವಿನ ಜಾಗ ನೋಡಿದ್ದೆ. ಅಲ್ಲಿ ಹೂ ಬರಲಿಕ್ಕೆ ಬುಡಕ್ಕೆ ಪ್ಯಾಕ್ಲೋಬ್ಯುಟ್ರಜೋಲ್ ಕೊಟ್ಟದ್ದು ಉಂಟು. ತೊಂದರೆ ಇಲ್ಲವಾ?

ಬೇರು_ಚಿಗುರು, ಬ್ರಹ್ಮಾವರ

ಉಂಟು ಮಾರಾಯ್ರೆ. ಅದು ಗಿಡದೊಳಗೆ ಜಿಬ್ಬರೆಲಿನ್ ತಯಾರಾಗುವುದನ್ನೇ ತಡೆಯುವ ವಸ್ತು. ಮಣ್ಣಿನಲ್ಲಿ ತಿಂಗಳುಗಟ್ಟಲೆ, ಕೆಲವು ಕಡೆ ವರ್ಷ ದಾಟಿಯೂ ಉಳೀತದೆ, ಹುಲ್ಲಿನ ಬೇರು ಅದನ್ನು ಹೀರ್ತದೆ. ಹುಲ್ಲು ಗಿಡ್ಡವಾಗುವುದು ಒಂದು ನಷ್ಟ, ಅದಕ್ಕಿಂತ ಹೆಚ್ಚಾಗಿ ಆ ಹುಲ್ಲನ್ನು ಹಾಲಿನ ದನಕ್ಕೆ ಕೊಡಲೇಬಾರದು. ಬುಡದ ಸುತ್ತ, ಕೊಂಬೆಯ ನೆರಳು ಬೀಳುವಷ್ಟು ಜಾಗ ಪೂರ್ತಿ ಬಿಡಿ.

ಸಾಲುಗಳ ನಡುವಿನ ಮಣ್ಣಿಗೆ ಬಂದಿದೆಯಾ ಅಂತ ತಿಳಿಯಲು, ಅಲ್ಲಿನ ಮಣ್ಣು ಒಂದು ಕುಂಡಕ್ಕೆ, ಮದ್ದು ತಾಗದ ಗದ್ದೆಯ ಮಣ್ಣು ಇನ್ನೊಂದಕ್ಕೆ ತುಂಬಿಸಿ. ಎರಡಕ್ಕೂ ಹತ್ತು ಹತ್ತು ಅಲಸಂಡೆ ಬೀಜ ಹಾಕಿ ಒಂದೇ ಬಿಸಿಲಲ್ಲಿ ಮೂರು ವಾರ ಇಡಿ. ಮೊದಲ ಕುಂಡದ ಸಸಿ ಗಿಡ್ಡವಾಗಿ, ಗೆಣ್ಣು ಹತ್ತಿರ ಹತ್ತಿರ, ಎಲೆ ದಪ್ಪ ಕಡುಹಸಿರು ಆದರೆ ಅಲ್ಲಿ ಉಳಿಕೆ ಉಂಟು ಅಂತ ಲೆಕ್ಕ, ಆ ಜಾಗ ಹುಲ್ಲಿಗೆ ಬೇಡ. ಎರಡೂ ಸಮ ಬಂದರೂ ಮರದ ಬುಡದ ಜಾಗಕ್ಕೆ ಈ ಪರೀಕ್ಷೆ ಅನ್ವಯಿಸುವುದಿಲ್ಲ, ಮದ್ದು ಸುರಿದದ್ದು ಅಲ್ಲಿಗೇ.